ಜೋಳಿಗೆಯೂ ಕ್ಯಾಮೆರಾವೂ

ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿ ಭರಣಿಯ ಬಗ್ಗೆ ಬರೆದದ್ದನ್ನು ಓದಿ ಮೂರು ಮಂದಿ ಫೋನ್ ಮಾಡಿದ್ದಿರಿ. ಸಂತೋಷವಾಯಿತು. ಒಬ್ಬರಂತೂ ಮೆಂತ್ಯದ ಅಳತೆ ಹೆಚ್ಚಾಯಿತೆಂದು ಜಗಳವನ್ನೇ ತೆಗೆದರು. ಅದೂ ಸಂತೋಷವೇ. ಈ ಸಲ ಬರೆಯುತ್ತಿರುವ ವಿಷಯಕ್ಕೂ ಅಡುಗೆಮನೆಗೂ ಸಂಬಂಧವಿಲ್ಲ. ಆದರೆ ಆರಂಭ ಮಾತ್ರ ಒಲೆಯ ಮುಂದೆಯೇ ಆಯಿತು.

2025ರ ಜುಲೈ 13, ಭಾನುವಾರ. ಪುಣೆಯ ಆಷಾಢದ ಮಳೆ ನಿಮಗೆ ಗೊತ್ತೇ ಇದೆ. ಒಣಗಲು ಹಾಕಿದ ಬಟ್ಟೆ ಮೂರು ದಿನವಾದರೂ ಮುಗ್ಗಲು ವಾಸನೆ ಬಿಡುವುದಿಲ್ಲ. ಸಂಜೆ ನಾಲ್ಕೂವರೆಗೆ ಮಿರ್ಚಿ ಭಜಿಗೆ ಹಿಟ್ಟು ಕಲಸುತ್ತಿದ್ದೆ. ಹೊರಗಿನ ಕೋಣೆಯಲ್ಲಿ ಮಗ ಟಿ.ವಿ.ಯಲ್ಲಿ ಯೂಟ್ಯೂಬ್ ಹಚ್ಚಿದ. ಒಮ್ಮೆಲೇ ಗಿಟಾರು, ಡ್ರಮ್ಮು, ಸಾವಿರಾರು ಜನರ ಕೂಗು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮಧ್ಯಾಹ್ನದ ನಿದ್ದೆಯನ್ನು ಹಕ್ಕೆಂದು ತಿಳಿದಿರುವ ನಮ್ಮವರು ಎದ್ದು ಕುಳಿತು, "ಏನಪಾ ಇದು, ಯಾರ ಮನಿ ಮದವಿ ಬ್ಯಾಂಡು?" ಎಂದರು.

"ಲೈವ್ ಏಡ್ ಅಪ್ಪಾ. ಇವತ್ತಿಗೆ ಸರಿಯಾಗಿ ನಲವತ್ತು ವರ್ಷ. ಇದೇ ಹೊತ್ತಿಗೆ ಸುರು ಆಗಿತ್ತು."

ಲೆಕ್ಕ ಹಾಕಿ ನೋಡಿದೆ. ಲಂಡನ್ನಿನಲ್ಲಿ ಮಧ್ಯಾಹ್ನ ಹನ್ನೆರಡು ಎಂದರೆ ನಮ್ಮಲ್ಲಿ ನಾಲ್ಕೂವರೆ. 1985ರ ಆ ಶನಿವಾರ ನನಗೆ ಹದಿನೇಳು ವರ್ಷ. ಧಾರವಾಡದ ನಮ್ಮ ಓಣಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಆ ಸಂಜೆ ನಾನು ಅವ್ವನ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಿರಬೇಕು. ಮುಂದೆ ಬಿ.ಎ. ಇಂಗ್ಲಿಷಿನಲ್ಲಿ ಮಿಲ್ಟನ್ ಓದಿದೆ, ಹಾರ್ಡಿ ಓದಿದೆ. ಆದರೆ ಇಂಗ್ಲಿಷರ ಈ ದೊಡ್ಡ ಜಾತ್ರೆಯ ಸುದ್ದಿ ಕಾಲೇಜಿನ ವಾಚನಾಲಯದ ಒಂದು ಹಳೆಯ ಪತ್ರಿಕೆಯಲ್ಲಿ ಕಣ್ಣಿಗೆ ಬಿದ್ದದ್ದಷ್ಟೇ. ನಲವತ್ತು ವರ್ಷ ತಡವಾಗಿ, ಕೈಗೆ ಕಡಲೆಹಿಟ್ಟು ಮೆತ್ತಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ನೋಡುತ್ತ ನೋಡುತ್ತ ನನ್ನದೇ ಒಂದು ತಪ್ಪು ನೆನಪಾಯಿತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಕಥೆ.

ಕಥೆ ಹಾಡಿನಿಂದ ಅಲ್ಲ, ಒಂದು ಕ್ಯಾಮೆರಾದಿಂದ ಶುರುವಾಗುತ್ತದೆ. 1984ರಲ್ಲಿ ಇಥಿಯೋಪಿಯಾದ ಉತ್ತರ ಭಾಗದಲ್ಲಿ ಘೋರ ಬರಗಾಲ. ಮಳೆ ಹೋದದ್ದು ಒಂದು ಕಾರಣವಾದರೆ, ಅಲ್ಲಿನ ಸೈನಿಕ ಸರಕಾರಕ್ಕೂ ಬಂಡುಕೋರರಿಗೂ ನಡೆದಿದ್ದ ಯುದ್ಧ ಇನ್ನೊಂದು ಕಾರಣ. ಕೊರೆಮ್ ಎಂಬ ಊರಿನ ಶಿಬಿರದಲ್ಲಿ ಸಾವಿರಾರು ಜನ ಬಯಲಿನಲ್ಲಿ ಕುಳಿತು ಸಾವಿಗಾಗಿ ಕಾಯುತ್ತಿದ್ದರು. ಆ ದೃಶ್ಯ ಬಿಬಿಸಿಯಲ್ಲಿ ಬಂದದ್ದು ಅಕ್ಟೋಬರ್ 23ರಂದು. ಮಾತು ಮೈಕೆಲ್ ಬರ್ಕ್ ಎಂಬ ವರದಿಗಾರನದು, ಚಿತ್ರ ಮೊಹಮ್ಮದ್ ಅಮೀನ್ ಎಂಬ ಛಾಯಾಗ್ರಾಹಕನದು. ಈ ಅಮೀನ್ ನೈರೋಬಿಯಲ್ಲಿ ಹುಟ್ಟಿದವನು, ಪಂಜಾಬಿ ಮೂಲದ ಮನೆತನದವನು. ಹೊಟ್ಟೆಪಾಡಿಗೆ ಊರು ಬಿಟ್ಟು ಹೊರಗೆ ನೆಲೆಸಿದ ನಮ್ಮಂಥವರ ಪೈಕಿಯೇ ಅನ್ನಿ. 1991ರಲ್ಲಿ ಅದೇ ಇಥಿಯೋಪಿಯಾದಲ್ಲಿ ಮದ್ದುಗುಂಡಿನ ಉಗ್ರಾಣ ಸ್ಫೋಟಿಸಿದಾಗ ಒಂದು ಕೈ ಕಳೆದುಕೊಂಡ. ಆಮೇಲೂ ಕ್ಯಾಮೆರಾ ಬಿಡಲಿಲ್ಲ. 1996ರಲ್ಲಿ ಅಪಹೃತ ವಿಮಾನವೊಂದು ಸಮುದ್ರಕ್ಕೆ ಬಿದ್ದು ತೀರಿಕೊಂಡ. ಲೈವ್ ಏಡ್ ಎಂದೊಡನೆ ಹಾಡಿದವರ ಹೆಸರನ್ನೇ ಎಲ್ಲರೂ ಹೇಳುತ್ತಾರೆ, ಅವನ ಹೆಸರು ಹೇಳುವವರು ಕಡಿಮೆ.

ಆ ವರದಿಯನ್ನು ಲಂಡನ್ನಿನ ತನ್ನ ಮನೆಯಲ್ಲಿ ಕೂತು ನೋಡಿದವನು ಬಾಬ್ ಗೆಲ್ಡಾಫ್. ಐರ್ಲೆಂಡಿನ ಹಾಡುಗಾರ. ಅವನ ಹಾಡಿಗೆ ಆಗ ಅಷ್ಟೇನೂ ಬೆಲೆ ಉಳಿದಿರಲಿಲ್ಲ. ಮಿಜ್ ಯೂರ್ ಎಂಬ ಗೆಳೆಯನನ್ನು ಕೂಡಿಕೊಂಡು, ಹೆಸರಾದ ಹಾಡುಗಾರರನ್ನೆಲ್ಲ ಒಟ್ಟುಹಾಕಿ, ಕ್ರಿಸ್ಮಸ್ಸಿಗೆ ಒಂದು ಧ್ವನಿಮುದ್ರಿಕೆ ತಂದ. 'ಅವರಿಗೆ ಕ್ರಿಸ್ಮಸ್ ಬಂದದ್ದು ಗೊತ್ತಿದೆಯೇ' ಎಂಬರ್ಥದ ಹೆಸರು ಆ ಹಾಡಿಗೆ. ನಾಲ್ಕನೆಯ ಶತಮಾನದಲ್ಲೇ ಕ್ರಿಸ್ತಮತವನ್ನು ಒಪ್ಪಿದ ದೇಶ ಇಥಿಯೋಪಿಯಾ. ಕ್ರಿಸ್ಮಸ್ ಯಾವಾಗ ಎಂದು ಅವರಿಗೆ ಲಂಡನ್ನಿನವರು ಹೇಳಿಕೊಡಬೇಕಾಗಿರಲಿಲ್ಲ. ಅದಿರಲಿ, ಹಾಡು ಮಾರಾಟವಾಯಿತು, ದುಡ್ಡು ಬಂತು, ಮರು ವರ್ಷ ದೊಡ್ಡ ಕಚೇರಿಯ ಯೋಚನೆ ಹುಟ್ಟಿತು.

ಕಚೇರಿ ಎಂದರೆ ಎಂಥದು! ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸುಮಾರು 72,000 ಜನ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅದಕ್ಕಿಂತಲೂ ಹೆಚ್ಚು. ಎರಡೂ ಕಡೆ ಸೇರಿ ಸುಮಾರು ಹದಿನಾರು ಗಂಟೆ. ಒಂದು ಕಡೆ ಹಾಡು ಮುಗಿದು ವೇದಿಕೆ ಸಜ್ಜಾಗುವಷ್ಟರಲ್ಲಿ ಇನ್ನೊಂದು ಕಡೆಯ ಹಾಡು ಉಪಗ್ರಹದ ಮೂಲಕ ಬರಬೇಕು. 150 ದೇಶಗಳಲ್ಲಿ 190 ಕೋಟಿ ಜನ ನೋಡಿದರೆಂಬುದು ಆಗಿನ ಒಂದು ಅಂದಾಜು. ತಲೆ ಎಣಿಸಿದವರು ಯಾರೂ ಇಲ್ಲ. ನಮ್ಮ ಸಂಘದ ವರದಿಯಲ್ಲಿ 'ಕಿಕ್ಕಿರಿದ ಸಭೆ' ಎಂದು ಬರೆಯುತ್ತೇವಲ್ಲ, ಅದರ ದೊಡ್ಡಣ್ಣ ಎಂದಿಟ್ಟುಕೊಳ್ಳಿ.

ನನಗೆ ಹಾಡಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಟಿ.ವಿ.ಯವರ ಪಾಡು. ಮೊದಲನೆಯದಾಗಿ ಅವಘಡಗಳು. 'ದ ಹೂ' ಎಂಬ ತಂಡ ಹಾಡುತ್ತಿರುವಾಗ ಒಂದು ಫ್ಯೂಸ್ ಹೋಗಿ ಲೋಕಕ್ಕೆಲ್ಲ ಚಿತ್ರವೇ ಕಾಣಿಸದಾಯಿತು. ಕ್ರೀಡಾಂಗಣದಲ್ಲಿ ಹಾಡು ನಡೆದೇ ಇತ್ತು. ಕೊನೆಗೆ ಪಾಲ್ ಮೆಕಾರ್ಟ್ನಿ ಪಿಯಾನೋ ಮುಂದೆ ಕೂತು ಹಾಡಲು ಶುರು ಮಾಡಿದರೆ ಮೈಕು ಕೆಟ್ಟಿತ್ತು. ಸುಮಾರು ಎರಡು ನಿಮಿಷ ಅವನ ದನಿ ಯಾರಿಗೂ ಕೇಳಲಿಲ್ಲ. ಜನ ತಾವೇ ಹಾಡತೊಡಗಿದರು. ಗಣೇಶೋತ್ಸವದಲ್ಲಿ ಮೈಕು ಕೈಕೊಟ್ಟಾಗ ನಮ್ಮ ಹೆಂಗಸರು ಆರತಿಯ ಹಾಡನ್ನು ತಾವೇ ಎತ್ತಿಕೊಂಡು ಮುಗಿಸುವುದಿಲ್ಲವೇ, ಹಾಗೆಯೇ. ಇದನ್ನು ನೋಡಿ ನಮ್ಮವರಿಗೆ ಬಹಳ ಸಮಾಧಾನವಾಯಿತು. "ಬಿಬಿಸಿದವರ ಮೈಕೂ ಕೆಡತದ ಅಂದ್ರ ನಮ್ಮ ಸಂಘದ್ದು ಯಾವ ಲೆಕ್ಕ!"

ಇಂಥ ತಪ್ಪನ್ನು ಕ್ಷಮಿಸಬಹುದು. ಬೇಕೆಂದೇ ಮಾಡಿದ್ದನ್ನು ಕ್ಷಮಿಸುವುದು ಕಷ್ಟ. ಬಿಬಿಸಿಯಲ್ಲಿ ಜಾಹೀರಾತಿಲ್ಲ. ಹಾಡುಗಳ ನಡುವಿನ ಬಿಡುವಿನಲ್ಲಿ ನಿರೂಪಕರು ಕೂತು ಮಾತಾಡುತ್ತಾರೆ, ಹಾಡು ಬಂದರೆ ಸುಮ್ಮನಾಗುತ್ತಾರೆ. ಅಮೆರಿಕದಲ್ಲಿ ಹಗಲೆಲ್ಲ ಎಂಟಿವಿ ಎಂಬ ಸಂಗೀತದ ವಾಹಿನಿ ಇದನ್ನು ತೋರಿಸಿತು. ರಾತ್ರಿಯ ಕೊನೆಯ ಮೂರು ಗಂಟೆ ಎಬಿಸಿ ಎಂಬ ದೊಡ್ಡ ವಾಹಿನಿಯ ಪಾಲಿಗೆ. ಹಾಡು ಅರ್ಧದಲ್ಲಿರುವಾಗ ಜಾಹೀರಾತಿಗೆ ಹೋಗುವುದು, ಹಾಡು ಹಿಂದೆ ಕೇಳಿಸುತ್ತಿರುವಾಗಲೇ ನಿರೂಪಕರು ಮುಂದೆ ಕೂತು ತಮ್ಮ ಸಂಭ್ರಮವನ್ನು ತಾವೇ ಹೇಳಿಕೊಳ್ಳುವುದು, ಇದಕ್ಕೆ ಎಂಟಿವಿ ಬೇಕಾದಷ್ಟು ಬೈಸಿಕೊಂಡಿತು. ಮದುವೆ ಮನೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ವಧೂವರರ ಮುಂದೆ ಬಂದು ನಿಲ್ಲುವ ವಿಡಿಯೋದವನನ್ನು ನೆನಪಿಸಿಕೊಳ್ಳಿ, ನಿಮಗೆ ಎಲ್ಲ ಅರ್ಥವಾಗುತ್ತದೆ.

ಇಪ್ಪತ್ತು ವರ್ಷ ಕಳೆದರೂ ಆ ಚಟ ಹೋಗಲಿಲ್ಲ. 2005ರ ಜುಲೈ 2ರಂದು ಇದೇ ಗೆಲ್ಡಾಫ್ 'ಲೈವ್ 8' ಎಂದು ಇನ್ನೊಂದು ಸರಣಿ ನಡೆಸಿದ. ಲಂಡನ್, ಪ್ಯಾರಿಸ್, ಬರ್ಲಿನ್, ರೋಮ್, ಟೋಕಿಯೋ, ಮಾಸ್ಕೋ, ಜೊಹಾನ್ಸ್‌ಬರ್ಗ್, ಹೀಗೆ ಒಂದೇ ದಿನ ಹತ್ತು ಕಡೆ. ಈ ಸಲ ದುಡ್ಡು ಕೇಳಲಿಲ್ಲ. ಅದೇ ವಾರ ಸ್ಕಾಟ್ಲೆಂಡಿನಲ್ಲಿ ಸೇರಲಿದ್ದ ಶ್ರೀಮಂತ ದೇಶಗಳ ಮುಖಂಡರು ಆಫ್ರಿಕದ ಸಾಲ ಮನ್ನಾ ಮಾಡಲಿ, ನೆರವು ಹೆಚ್ಚಿಸಲಿ, ಅದಕ್ಕೆ ನಿಮ್ಮ ದನಿ ಕೊಡಿ ಎಂದು ಕೇಳಿದ್ದು. ಲಂಡನ್ನಿನಲ್ಲಿ 'ಪಿಂಕ್ ಫ್ಲಾಯ್ಡ್' ತಂಡದ ನಾಲ್ವರು ಇಪ್ಪತ್ತನಾಲ್ಕು ವರ್ಷದ ನಂತರ ಒಂದೇ ವೇದಿಕೆ ಹತ್ತಿದರು. ಮುನಿಸಿಕೊಂಡು ಬೇರೆಯಾದ ಅಣ್ಣತಮ್ಮಂದಿರು ತಾಯಿಯ ತಿಥಿಗೆ ಒಟ್ಟಿಗೆ ಕೂತ ಹಾಗೆ. ಜನ ಕಣ್ಣೀರು ಹಾಕಿಕೊಂಡು ನೋಡುತ್ತಿದ್ದರೆ, ಎಂಟಿವಿಯೂ ಅದರ ಸೋದರ ವಾಹಿನಿಯೂ ಕೊನೆಯ ಹಾಡಿನ ನಡುವೆಯೇ ಕತ್ತರಿಸಿ ನಿರೂಪಕರ ಮುಖ ತೋರಿಸಿದವು. ನೋಡುಗರು ರೊಚ್ಚಿಗೆದ್ದರು. ಅದೇ ದಿನ ಅಮೆರಿಕದಲ್ಲಿ ಅಂತರಜಾಲದ ಕಂಪನಿಯೊಂದು ಎಲ್ಲ ಊರಿನ ಕಚೇರಿಗಳನ್ನೂ ಕತ್ತರಿಸದೆ ಕಂಪ್ಯೂಟರಿನಲ್ಲಿ ತೋರಿಸಿ ಹೊಗಳಿಕೆ ಪಡೆಯಿತು. ಟಿ.ವಿ.ಯವರು ಮರುವಾರ ಜಾಹೀರಾತಿಲ್ಲದೆ ಹಾಡುಗಳನ್ನು ಮತ್ತೆ ತೋರಿಸಬೇಕಾಯಿತು. "ಅವತ್ತೇ ಟಿ.ವಿ. ಸೋತು ಇಂಟರ್‌ನೆಟ್ ಗೆದ್ದಿತು ಅಮ್ಮ" ಎಂದ ಮಗ. ಇರಬಹುದು. ಆದರೆ ಅವನ ಆ ಯೂಟ್ಯೂಬಿನಲ್ಲೂ ಹಾಡಿನ ನಡುವೆ ಟೂತ್‌ಪೇಸ್ಟ್ ಬಂದೇ ಬಂತು.

ಮತ್ತೆ 1985ಕ್ಕೆ ಬರೋಣ. ಸಂಜೆಯ ಹೊತ್ತಿಗೆ 'ಕ್ವೀನ್' ತಂಡ ಬಂತು. ಬಿಳಿ ಬನಿಯನ್ನು ತೊಟ್ಟ ಮೀಸೆಯ ಮನುಷ್ಯ ಇಪ್ಪತ್ತೊಂದು ನಿಮಿಷದಲ್ಲಿ ಅಷ್ಟು ಜನರನ್ನೂ ಕುಣಿಸಿದ. ಫ್ರೆಡ್ಡಿ ಮರ್ಕ್ಯುರಿ. ಅಪ್ಪ ಅಮ್ಮ ಇಟ್ಟ ಹೆಸರು ಫಾರೂಖ್ ಬುಲ್ಸಾರಾ. ಜಂಜಿಬಾರಿನ ಪಾರಸಿ ಮನೆತನದ ಈ ಹುಡುಗ ಓದಿದ್ದು ನಮ್ಮ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ, ಮೊದಲ ತಂಡ ಕಟ್ಟಿದ್ದೂ ಅಲ್ಲಿಯೇ. ಪ್ರವಾಸಕ್ಕೆ ಹೋದಾಗಲೆಲ್ಲ ಸ್ಟ್ರಾಬೆರಿ ತಿಂದು, ಟೇಬಲ್‌ಲ್ಯಾಂಡ್ ಮೇಲೆ ಫೋಟೋ ತೆಗೆಸಿಕೊಂಡು ಬಂದಿದ್ದೇವೆ, ಆ ಹುಡುಗನ ನೆನಪು ನಮಗಾರಿಗೂ ಆಗಿಲ್ಲ. 2018ರಲ್ಲಿ ಬಂದ 'ಬೊಹೀಮಿಯನ್ ರಾಪ್ಸಡಿ' ಚಿತ್ರದಲ್ಲಿ ಈ ಕಾರ್ಯಕ್ರಮವನ್ನೇ ಪುನಃ ಕಟ್ಟಿ ತೋರಿಸಿದ್ದಾರೆ. ಅದರಲ್ಲಿ ಕ್ವೀನ್ ಹಾಡುವವರೆಗೂ ದಾನದ ಫೋನುಗಳು ಸುಮ್ಮನಿದ್ದು, ಹಾಡಿದೊಡನೆ ಎಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವೆ. ಅದು ಸಿನಿಮಾದವರ ಮಸಾಲೆ.

ನಿಜವಾಗಿ ನಡೆದದ್ದು ಬೇರೆ. ಕಾರ್ಯಕ್ರಮ ಭರ್ಜರಿಯಾಗಿ ನಡೆದಿದ್ದರೂ ದುಡ್ಡು ಅಷ್ಟಾಗಿ ಬರುತ್ತಿಲ್ಲವೆಂದು ಗೆಲ್ಡಾಫ್ ಬಿಬಿಸಿಯ ಕೋಣೆಗೆ ನುಗ್ಗಿದ. ನಿರೂಪಕ ಸಭ್ಯವಾಗಿ, ಚೆಕ್ ಕಳಿಸುವ ಅಂಚೆ ವಿಳಾಸ ಹೇಳಲು ಹೊರಟಿದ್ದ. ವಿಳಾಸ ಅತ್ತ ಹಾಳಾಗಲಿ, ಫೋನ್ ನಂಬರ್ ಹೇಳು ಎಂದು ಗೆಲ್ಡಾಫ್ ಮೇಜು ಗುದ್ದಿದ. ನಡುವೆ ಒಂದು ಕೆಟ್ಟ ಬೈಗುಳ, ಅದೂ ನೇರಪ್ರಸಾರದಲ್ಲಿ. ಆಮೇಲೆ ಸೆಕೆಂಡಿಗೆ 300 ಪೌಂಡಿನಂತೆ ಹಣ ಬಂತೆಂದು ಹೇಳುತ್ತಾರೆ. ಹಸಿದವನ ಪರವಾಗಿ ಬೇಡುವವನ ಬಾಯಲ್ಲಿ ಬೈಗುಳ ಬಂದರೂ ಜನ ಸಹಿಸುತ್ತಾರೆಂದು ಕಾಣುತ್ತದೆ. ಜೋಳಿಗೆ ಹಿಡಿದು ಊರೂರು ತಿರುಗಿದ ನಮ್ಮ ಕಡೆಯ ಸ್ವಾಮಿಗಳಲ್ಲೂ ಇಂಥ ಸಿಡುಕಿನವರು ಇದ್ದರೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು.

ಫಿಲಡೆಲ್ಫಿಯಾದಲ್ಲಿ ಬಾಬ್ ಡಿಲನ್ ಇನ್ನೊಂದು ಕಿಡಿ ಹೊತ್ತಿಸಿದ. ಈ ಹಣದಲ್ಲಿ ಸ್ವಲ್ಪವನ್ನು ಸಾಲದಲ್ಲಿ ಮುಳುಗಿರುವ ಅಮೆರಿಕದ ರೈತರಿಗೂ ಕೊಡಬಾರದೇ ಎಂದು ವೇದಿಕೆಯ ಮೇಲೆಯೇ ಅಂದುಬಿಟ್ಟ. ಗೆಲ್ಡಾಫನಿಗೆ ಸಿಟ್ಟು ಬಂತು. ಆದರೆ ಆ ಮಾತಿನಿಂದಲೇ ಅದೇ ಸೆಪ್ಟೆಂಬರಿನಲ್ಲಿ ಇಲಿನಾಯ್‌ನಲ್ಲಿ 'ಫಾರ್ಮ್ ಏಡ್' ಎಂಬ ರೈತರ ಸಹಾಯದ ಕಚೇರಿ ಶುರುವಾಗಿ ನಾಲ್ಕು ದಶಕ ನಡೆದುಬಂದಿದೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ, ನಿಜ ಹೇಳುತ್ತೇನೆ, ಡಿಲನ್ನನ ಆ ಅಡ್ಡ ಮಾತೇ ಹಿಡಿಸಿತು.

ಇನ್ನು ಆ ದಿನದ ನಡುಭಾಗ. ಅದನ್ನು ಬರೆಯುವುದಕ್ಕೆ ಸ್ವಲ್ಪ ಕಷ್ಟವಾಗುತ್ತದೆ.

ಡೇವಿಡ್ ಬೋವಿ ಎಂಬ ಹಾಡುಗಾರ ತನಗೆ ಕೊಟ್ಟ ಸಮಯದಲ್ಲಿ ಒಂದು ಹಾಡನ್ನು ಬಿಟ್ಟುಕೊಟ್ಟು, ಅದರ ಬದಲು ಒಂದು ಪುಟ್ಟ ಚಿತ್ರ ತೋರಿಸಲು ಹೇಳಿದ. ಕೆನಡಾದ ಸಿಬಿಸಿ ವಾಹಿನಿಯವರು ಇಥಿಯೋಪಿಯಾದಲ್ಲಿ ತೆಗೆದ ದೃಶ್ಯಗಳು. ಅದರ ಹಿಂದೆ 'ದ ಕಾರ್ಸ್' ತಂಡದ ಒಂದು ಮೆತ್ತನೆಯ ಪ್ರೇಮಗೀತೆ. ನಿರೂಪಕನಿಲ್ಲ, ವಿವರಣೆಯಿಲ್ಲ. ಎಲುಬಿನ ಮೇಲೆ ಚರ್ಮ ಹೊದ್ದ ಮಕ್ಕಳು, ನಿಲ್ಲಲು ಹೋಗಿ ಕುಸಿಯುವ ಒಂದು ಮಗು, ಬಟ್ಟೆಯಲ್ಲಿ ಸುತ್ತಿದ ಹೆಣಗಳು. ಕುಣಿಯುತ್ತಿದ್ದ ಕ್ರೀಡಾಂಗಣ ಸ್ತಬ್ಧವಾಯಿತು. ಹೆಚ್ಚು ಹಣ ಹರಿದುಬಂದದ್ದು ಆ ಚಿತ್ರದ ನಂತರವೇ ಎಂದು ಆಮೇಲೆ ಅನೇಕರು ಬರೆದಿದ್ದಾರೆ.

ಅದರಲ್ಲಿ ಒಂದು ಹೆಣ್ಣುಮಗುವಿನ ಮುಖ. ಮೂರು ವರ್ಷವಿರಬಹುದು. ಕಣ್ಣು ಅರ್ಧ ಮುಚ್ಚಿದೆ. ಇನ್ನು ಉಳಿಯುವುದಿಲ್ಲವೆಂದು ನರ್ಸ್ ಹೇಳಿದ್ದರಿಂದ ಅಪ್ಪ ಆಗಲೇ ಗುಂಡಿ ತೋಡಿಸಲು ತೊಡಗಿದ್ದನಂತೆ. ಆ ಮುಖ ಜಗತ್ತಿಗೆಲ್ಲ ಬರಗಾಲದ ಮುಖವಾಯಿತು. ಆದರೆ ಮಗು ಬದುಕಿತು. ಕೆನಡಾದ ವರದಿಗಾರ ಬ್ರಯನ್ ಸ್ಟೂವರ್ಟ್ ಮುಂದೆ ಅವಳನ್ನು ಹುಡುಕಿಕೊಂಡು ಹೋಗಿ, ಓದಿಗೆ ನೆರವಾದ. ಅವಳ ಹೆಸರು ಬಿರ್ಹಾನ್ ವೊಲ್ಡು. ಕೃಷಿ ಓದಿದಳು. 2005ರಲ್ಲಿ ಲೈವ್ 8ರ ಲಂಡನ್ ವೇದಿಕೆಗೆ ಅವಳೇ ಬಂದಳು. ಹಳೆಯ ಚಿತ್ರವನ್ನು ಮತ್ತೆ ತೋರಿಸಿ, ಆ ಮಗು ಇವಳೇ ಎಂದು ಗೆಲ್ಡಾಫ್ ಕರೆತಂದ. ಮಡೋನಾ ಅವಳ ಕೈ ಹಿಡಿದು ನಿಂತಳು.

ಮಗ ಅದನ್ನೂ ಹಚ್ಚಿ ತೋರಿಸಿದ. ನಮ್ಮವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅಡುಗೆಮನೆಗೆ ಹೋಗಿ ಒಲೆ ಆರಿಸಿದೆ. ಎಣ್ಣೆ ಹೊಗೆಯಾಡುತ್ತಿತ್ತು. ಆ ದಿನ ಮಿರ್ಚಿ ಭಜಿ ಆಗಲಿಲ್ಲ.

ಈಗ ನನ್ನ ತಪ್ಪು.

2019ರ ಆಗಸ್ಟಿನ ನೆರೆ ನಿಮಗೆಲ್ಲ ನೆನಪಿದೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದವು. ಇತ್ತ ಕೊಲ್ಹಾಪುರ, ಸಾಂಗಲಿ ಮುಳುಗಿದ್ದವು. ಹೆದ್ದಾರಿ ಹಲವು ದಿನ ಬಂದಾಗಿ ಊರಿಗೆ ಹೋಗುವ ದಾರಿಯೇ ಇರಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ನಾವು ಕೆಲವರು ಸೇರಿ ಪರಿಹಾರ ನಿಧಿಗಾಗಿ ಸಂಗೀತ ಸಂಜೆ ಏರ್ಪಡಿಸಿದೆವು. ನಿರೂಪಣೆ ನನ್ನದು. ಗದಗಿನ ಕಡೆಯ ನಿವೃತ್ತ ಸಂಗೀತ ಶಿಕ್ಷಕಿಯೊಬ್ಬರು ಹಾಡಿದರು. ಎಪ್ಪತ್ತು ದಾಟಿದ ಆ ತಾಯಿ ಯಮನ್ ಎತ್ತಿಕೊಂಡರೆ ಬಾಗಿಲಲ್ಲಿ ಚಪ್ಪಲಿ ಕಾಯುವವನೂ ಒಳಗೆ ಬಂದು ನಿಂತ. ಸ್ಥಳೀಯ ಕೇಬಲ್ ವಾಹಿನಿಯೊಂದು ಚಿತ್ರೀಕರಣಕ್ಕೆ ಬಂದಿತ್ತು. ಎರಡು ದಿನದ ಮೇಲೆ ತೋರಿಸಿದ್ದು ನಾಲ್ಕೇ ನಿಮಿಷ. ದೀಪ ಬೆಳಗಿದ್ದು, ಶಾಲು ಹೊದಿಸಿದ್ದು, ಭಾಷಣ. ಅವರ ಯಮನ್ ಹತ್ತು ಸೆಕೆಂಡು, ಅದರ ಮೇಲೂ ವಾಹಿನಿಯವರ ಮಾತು. ಆ ತಾಯಿ ನನಗೆ ಫೋನ್ ಮಾಡಿ, "ನಾ ಹಾಡಿದ್ದು ಛಲೋ ಆಗಿರಲಿಲ್ಲೇನವಾ?" ಎಂದು ಕೇಳಿದರು. ಏನು ಹೇಳಲಿ? ವರ್ಷಾನುಗಟ್ಟಲೆ ಈ ಸಿಟ್ಟನ್ನು ಇಟ್ಟುಕೊಂಡು, ಸಿಕ್ಕವರ ಮುಂದೆಲ್ಲ ಆ ವಾಹಿನಿಯವರನ್ನು ಬೈದಿದ್ದೇನೆ.

ಆದರೆ ಅದೇ ನಾಲ್ಕು ನಿಮಿಷದಲ್ಲಿ ಇನ್ನೊಂದು ದೃಶ್ಯವಿತ್ತು. ಅದರ ಬಗ್ಗೆ ನಾನು ಯಾರ ಮುಂದೆಯೂ ಮಾತಾಡಿರಲಿಲ್ಲ.

ಮಲಪ್ರಭೆಯ ದಂಡೆಯ ಹಳ್ಳಿಯ ಒಬ್ಬ ಹೆಣ್ಣುಮಗಳು, ಮನೆ ಬಿದ್ದುಹೋದ ಮೇಲೆ ಇಲ್ಲಿ ಕಟ್ಟಡದ ಕೆಲಸ ಮಾಡುವ ಮಗನ ಹತ್ತಿರ ಬಂದಿದ್ದಳು. ನಮ್ಮಲ್ಲೇ ಯಾರೋ, ಅವಳನ್ನು ವೇದಿಕೆಗೆ ಕರೆದು ಸೀರೆ, ಚಾದರ ಕೊಟ್ಟರೆ ಜನರಿಗೆ ಮನಮುಟ್ಟುತ್ತದೆ ಎಂದರು. ಮೈಕಿನಲ್ಲಿ ನಾನೇ ಕರೆದೆ, 'ನಮ್ಮ ನಡುವೆ ಇರುವ ಒಬ್ಬ ನೆರೆ ಸಂತ್ರಸ್ತೆ' ಎಂದು. ಅವಳು ಬಂದಳು, ಸೆರಗು ಮುಂದೆ ಎಳೆದುಕೊಂಡು ತಲೆ ತಗ್ಗಿಸಿ ನಿಂತಳು. ಕ್ಯಾಮೆರಾದವನು ಕೆಳಗಿನಿಂದ, "ಮ್ಯಾಡಮ್, ತ್ಯಾಂನಾ ಇಕಡೆ ಬಘಾಯಲಾ ಸಾಂಗಾ" ಎಂದ. ನಾನು ಅವಳಿಗೆ ಹೇಳಿದೆ. ಅವಳು ಮೆಲ್ಲಗೆ, "ಬ್ಯಾಡ್ರಿ ಅಕ್ಕಾರ" ಎಂದಳು. ನಾನು ನಗುನಗುತ್ತಲೇ ಅವಳ ಗದ್ದಕ್ಕೆ ಕೈಯಿಟ್ಟು, ಸೆರಗು ಸರಿಸಿ, ಮುಖವನ್ನು ಕ್ಯಾಮೆರಾದ ಕಡೆಗೆ ತಿರುಗಿಸಿದೆ. ಚಪ್ಪಾಳೆ ಬಿತ್ತು. ಕಾಣಿಕೆ ಡಬ್ಬಿ ಅಂದು ತುಂಬಿತು, ಅದೂ ನಿಜ. ಟಿ.ವಿ.ಯಲ್ಲಿ ಆ ಮುಖವನ್ನು ಶಹನಾಯಿಯ ಶೋಕಸ್ವರ ಹಾಕಿ ಪೂರ್ತಿ ಒಂದು ನಿಮಿಷ ತೋರಿಸಿದರು. ಎಪ್ಪತ್ತು ದಾಟಿದ ಗಾಯಕಿಗೆ ಹತ್ತು ಸೆಕೆಂಡು, ಇವಳ ಮುಖಕ್ಕೆ ಅರವತ್ತು.

ಬಿರ್ಹಾನಳ ಅರ್ಧ ಮುಚ್ಚಿದ ಕಣ್ಣು ನೋಡಿದಾಗ ನನ್ನ ಬೆರಳುಗಳಿಗೆ ಆ ಗದ್ದ ಮತ್ತೆ ತಾಗಿದಂತಾಯಿತು.

ಆ ಚಿತ್ರ ತೋರಿಸದಿದ್ದರೆ ದುಡ್ಡು ಬರುತ್ತಿತ್ತೇ? ಇದು ಸುಲಭದ ಪ್ರಶ್ನೆಯಲ್ಲ. ಅಮೀನ್ ಕ್ಯಾಮೆರಾ ಹಿಡಿಯದಿದ್ದರೆ ಜಗತ್ತು ತಿರುಗಿ ನೋಡುತ್ತಿರಲಿಲ್ಲ. ಆ ಬರಗಾಲದಲ್ಲಿ ಸತ್ತವರ ಅಂದಾಜು ನಾಲ್ಕು ಲಕ್ಷದಿಂದ ಹತ್ತು ಲಕ್ಷದವರೆಗೆ ಇದೆ. ಆ ಹಣ ಬರದಿದ್ದರೆ ಇನ್ನೂ ಎಷ್ಟೋ! ಆದರೆ ಟಿ.ವಿ. ಹಸಿವನ್ನು ತೋರಿಸಿತೇ ಹೊರತು ಹಸಿವಿನ ಹಿಂದಿನ ಯುದ್ಧವನ್ನು ಅಷ್ಟಾಗಿ ತೋರಿಸಲಿಲ್ಲ. ಅಲ್ಲಿನ ಸರಕಾರ ಜನರನ್ನು ಬಲವಂತವಾಗಿ ಬೇರೆ ಪ್ರದೇಶಕ್ಕೆ ಸಾಗಿಸುತ್ತಿದೆಯೆಂದು ಹೇಳಿದ ಫ್ರಾನ್ಸಿನ ವೈದ್ಯರ ಸಂಸ್ಥೆಯನ್ನು ಅದೇ 1985ರ ಡಿಸೆಂಬರಿನಲ್ಲಿ ದೇಶದಿಂದ ಹೊರಗೆ ಹಾಕಿದರು. ಆ ಸುದ್ದಿಗೆ ಯಾವ ಗಿಟಾರೂ ಬಾರಿಸಲಿಲ್ಲ.

ಲೆಕ್ಕದ ಮಾತನ್ನೂ ಹೇಳಬೇಕು. ನಮ್ಮವರು ಬ್ಯಾಂಕಿನವರಾದ್ದರಿಂದ ಹೇಳದಿದ್ದರೆ ಬಿಡುವುದಿಲ್ಲ. ಇಂಥ ಕಚೇರಿಗಳ ತವರುಮನೆ ನಮ್ಮ ರವಿಶಂಕರರದೇ. 1971ರ ಆಗಸ್ಟ್ 1ರಂದು ಜಾರ್ಜ್ ಹ್ಯಾರಿಸನ್ ಜೊತೆಗೂಡಿ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶಕ್ಕಾಗಿ ನಡೆಸಿದ್ದು. ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಸಾಥಿಯಲ್ಲಿದ್ದರು. ಅವರು ಶ್ರುತಿ ಮಾಡಿಕೊಂಡದ್ದನ್ನೇ ಕಚೇರಿಯೆಂದು ತಿಳಿದು ಜನ ಚಪ್ಪಾಳೆ ತಟ್ಟಿದ್ದು ಪ್ರಸಿದ್ಧ ಕಥೆ. ಟಿಕೆಟಿನ ಹಣ ಸುಮಾರು 2 ಲಕ್ಷ 43 ಸಾವಿರ ಡಾಲರ್ ಯುನಿಸೆಫ್‌ಗೆ ಹೋಯಿತು. ಆದರೆ ಧ್ವನಿಮುದ್ರಿಕೆ ಮತ್ತು ಸಿನಿಮಾದಿಂದ ಬಂದ ಹಣ, ಮೊದಲೇ ಕಾಗದಪತ್ರ ಸರಿಮಾಡಿಕೊಳ್ಳದ್ದರಿಂದ, ಅಮೆರಿಕದ ತೆರಿಗೆಯವರ ಕೈಯಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದಿತ್ತು. ಇನ್ನು ಲೈವ್ ಏಡ್ ಹಣ ಬಂಡುಕೋರರ ಆಯುಧಕ್ಕೆ ಹೋಯಿತೆಂಬ ಅರ್ಥ ಬರುವಂತೆ 2010ರಲ್ಲಿ ಬಿಬಿಸಿಯೇ ಪ್ರಸಾರ ಮಾಡಿ, ಅದಕ್ಕೆ ಪುರಾವೆ ಇಲ್ಲವೆಂದು ಅದೇ ನವೆಂಬರಿನಲ್ಲಿ ಕ್ಷಮೆ ಕೇಳಿತು. ಯಾವ ಬಿಬಿಸಿಯಿಂದ ಇದೆಲ್ಲ ಆರಂಭವಾಗಿತ್ತೋ ಅದೇ ಬಿಬಿಸಿ! ಕ್ಷಮೆ ಕೇಳಿತಲ್ಲ, ಅದು ದೊಡ್ಡದು ಎಂದುಕೊಂಡೆ.

ಹಾಗೆಂದುಕೊಂಡ ಮೇಲೆ ನಾನು ಸುಮ್ಮನಿರುವುದು ಹೇಗೆ? ಆ ಹೆಣ್ಣುಮಗಳ ಮಗನ ನಂಬರನ್ನು ಹುಡುಕಿಸಿದೆ. ಎರಡು ವಾರ ಹಿಡಿಯಿತು. ಅವರು ಊರಿಗೆ ಮರಳಿದ್ದಾರೆ, ಮನೆ ಎದ್ದಿದೆ, ಒಂದು ಎಮ್ಮೆ ಇದೆ. ಮಗ ಫೋನನ್ನು ತಾಯಿಗೆ ಕೊಟ್ಟ. ನಾನು ಆ ದಿನದ್ದೆಲ್ಲ ಹೇಳಿ, "ತಪ್ಪಾತವಾ, ನಾ ಹಂಗ ಮಾಡಬಾರದಿತ್ತು" ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕೊಟ್ಟದ್ದು ನಾವ ಉಂಡೇವ್ರಿ ಅಕ್ಕಾರ, ಉಟ್ಟೇವ್ರಿ, ಇಲ್ಲ ಅನ್ನೂದಿಲ್ಲ. ಖರೇ ಹೇಳ್ಬೇಕಂದ್ರ ಮಾರಿ ತೋರಿಸಿದ್ದಕ್ಕೂ ನನಗ ಅಷ್ಟು ಅನಿಸಲಿಲ್ಲರಿ. ಅಷ್ಟು ಮಂದಿ ಇದ್ರಿ, ಒಬ್ರರ ನನ್ನ ಹೆಸರು ಕೇಳಲಿಲ್ಲರಿ" ಎಂದಳು.

ಕೇಳಿದೆ. ಹೇಳಿದಳು. ಅದನ್ನು ಇಲ್ಲಿ ಅಚ್ಚು ಹಾಕಿಸುವುದಿಲ್ಲ. ಮತ್ತೆ ಅವಳನ್ನು ಕೇಳದೆ ವೇದಿಕೆ ಹತ್ತಿಸಿದಂತಾಗುತ್ತದೆ.

ನವೆಂಬರಿನಲ್ಲಿ ನಮ್ಮ ಸಂಘ ವಿದ್ಯಾರ್ಥಿ ವೇತನದ ನಿಧಿಗಾಗಿ ಮತ್ತೆ ಸಂಗೀತ ಸಂಜೆ ಇಟ್ಟುಕೊಂಡಿದೆ. ಸಮಿತಿಯ ಸಭೆಯಲ್ಲಿ ನಾನು ಮೂರು ಮಾತು ಹೇಳಿದ್ದೇನೆ. ಹಾಡುವವರ ಹಾಡು ಪೂರ್ತಿ ಆಗಬೇಕು, ಯಾವ ಗಣ್ಯರು ಬಂದರೂ ನಡುವೆ ನಿಲ್ಲಿಸಿ ಶಾಲು ಹೊದಿಸಕೂಡದು. ಬಂದ ಹಣ, ಹೋದ ಹಣ ಇದೇ ಪತ್ರಿಕೆಯ ಪುಟದಲ್ಲಿ ಪೈಸೆ ಸಮೇತ ಬರಬೇಕು. ಮತ್ತು ಪಡೆಯುವ ಮಕ್ಕಳನ್ನು ವೇದಿಕೆಗೆ ಕರೆಯಬಾರದು, ಅವರಿಗೆ ಮನಸ್ಸಿದ್ದರೆ ಹಾಡು ಕೇಳಲು ಎಲ್ಲರ ಜೊತೆ ಮುಂದಿನ ಸಾಲಿನಲ್ಲಿ ಕೂರಲಿ.

ಮೊದಲಿನ ಎರಡಕ್ಕೆ ಎಲ್ಲರೂ ಒಪ್ಪಿದರು. ಮೂರನೆಯದಕ್ಕೆ ಕಾರ್ಯದರ್ಶಿಗಳು, "ಮುಖ ಕಾಣದೆ ಜನ ದುಡ್ಡು ಕೊಡ್ತಾರಾ ಅಕ್ಕಾ?" ಎಂದು ಕೇಳಿದ್ದಾರೆ. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಉತ್ತರ ಕೊಡಬೇಕಾದವರು ನಾನಲ್ಲ, ಈ ಪುಟ ಓದುತ್ತಿರುವ ನೀವು. ಡಬ್ಬಿ ಬಾಗಿಲ ಹತ್ತಿರವೇ ಇರುತ್ತದೆ. ಮಿರ್ಚಿ ಭಜಿ ನನ್ನ ಕಡೆಯಿಂದ.